ನೀಲಿ ಹಾಲಿನ ಅಕ್ಕ

ಅಕ್ಕ ತೀರಿಕೊಂಡರು ಎಂಬ ಸಂದೇಶ ಫೋನಿಗೆ ಬಂದಾಗ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಉತ್ತರಪತ್ರಿಕೆ ನೋಡುತ್ತಿದ್ದೆ. ಕಳಿಸಿದವನು ಹಿಂದೆ ಅಕ್ಕನೂ ನಾನೂ ಇದ್ದ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವನು. ಓದಿದ ಕೂಡಲೇ ಅವರ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಬರಲಿಲ್ಲ. ಬಂದದ್ದು ಬಲಗೈಯ ಒಂದು ಮಣಿಕಟ್ಟು. ಎರಡು ತೆಳು ಬಳೆ. ಬೆರಳುಗಳ ನಡುವೆ ಗಾಜಿನ ಒಂದು ಕೊಳವೆ ನಿಧಾನವಾಗಿ ತಲೆಕೆಳಗಾಗಿ, ಅಷ್ಟೇ ನಿಧಾನವಾಗಿ ಮತ್ತೆ ನೆಟ್ಟಗಾಗುವುದು. ಅದರೊಳಗೆ ಹಾಲು. ಹಾಲಿನ ಬಣ್ಣ ನೀಲಿ.

ಸಂದೇಶಕ್ಕೆ ಏನಾದರೂ ಉತ್ತರ ಬರೆಯಬೇಕಲ್ಲ. 'ಪಾಪ, ಹಾಲಿನ ನಡುವೆಯೇ ಇದ್ದವರು, ಒಂದು ದಿನವೂ ಹಾಲು ಮುಟ್ಟಿದ್ದು ನೋಡಿಲ್ಲ. ಬರೀ ಕಣ್ಣ ಚಾ ಕುಡಿಯುತ್ತಿದ್ದರು' ಎಂದು ಬರೆದೆ. ಹಾಲಿಲ್ಲದ ಕರಿ ಚಹಾದ ಆ ಲೋಟ ನನ್ನ ಕಣ್ಣ ಮುಂದೆಯೇ ಇತ್ತು.

ಅವನ ಉತ್ತರ ತಕ್ಷಣ ಬಂತು. 'ಎಂತ ಹೇಳ್ತಿ ಮಾರಾಯ? ಅಕ್ಕನಿಗೆ ದಿನಕ್ಕೆ ನಾಲ್ಕು ಸಲ ಹಾಲು ಹಾಕಿದ ಚಾ ಆಗ್ಬೇಕಿತ್ತು. ಕಣ್ಣ ಚಾ ಕುಡಿಯುತ್ತಿದ್ದದ್ದು ನೀನು.'

ಉತ್ತರಪತ್ರಿಕೆಯನ್ನು ಪಕ್ಕಕ್ಕಿಟ್ಟು ಅದನ್ನು ಮತ್ತೊಮ್ಮೆ ಓದಿದೆ. ಹತ್ತು ವರ್ಷಗಳಿಂದ ನಾನು ನನ್ನ ಲೋಟವನ್ನು ಅವರ ಕೈಯಲ್ಲಿಟ್ಟು ನೋಡುತ್ತಿದ್ದೆ. ಇನ್ನು ಯಾವುದನ್ನೆಲ್ಲ ಹಾಗೆ ಅವರ ಕೈಗೆ ದಾಟಿಸಿದ್ದೇನೋ! ಆದ್ದರಿಂದ ಇಲ್ಲಿ ಬರೆಯುವುದನ್ನು ಓದುವವರು ಪೂರ್ತಿ ನಂಬಬಾರದು. ನಾನೂ ನಂಬಿಲ್ಲ. ಆದರೂ ಬರೆಯಬೇಕಾಗಿದೆ.

ಕೊಟ್ಟಾರದಲ್ಲಿ ಹೆದ್ದಾರಿಗೆ ಮುಖ ಮಾಡಿದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಲ್ಯಾಬು ಇತ್ತು. ಬಾವಿನೀರು, ಮಸಾಲೆಪುಡಿ, ಐಸ್‌ಕ್ರೀಮು, ಸಿಗಡಿ ಎಲ್ಲವೂ ಪರೀಕ್ಷೆಗೆ ಬರುತ್ತಿದ್ದವು. ಹಾಲು ಮಾತ್ರ ಅಕ್ಕನ ಪಾಲು. ಅವರು ಓದಿದ್ದು ಪಿಯುಸಿ. ಮದುವೆಗೆ ಮೊದಲೇ ಯಾವುದೋ ಡೇರಿಯಲ್ಲಿ ಸೀಸೆ ತೊಳೆಯುವ ಕೆಲಸಕ್ಕೆ ಸೇರಿ, ನೋಡಿ ನೋಡಿ ಪರೀಕ್ಷೆ ಕಲಿತವರು. ನಾನು ಎಂ.ಎಸ್ಸಿ. ಮುಗಿಸಿ ನೇರವಾಗಿ ಅವರ ಮುಂದೆ ಬಂದು ನಿಂತಿದ್ದೆ. ಮೊದಲ ದಿನವೇ ನನಗೆ 'ಎಮ್ಮೆಸ್ಸಿಯವರು' ಎಂದು ಹೆಸರಿಟ್ಟರು. ಲ್ಯಾಬಿನವರಿಗೆಲ್ಲ ಅವರು ಅಕ್ಕ. ಲ್ಯಾಬಿನ ಮಾಲಕರು ಅವರಿಗಿಂತ ದೊಡ್ಡವರು, ಅವರೂ ಅಕ್ಕ ಎಂದೇ ಕರೆಯುತ್ತಿದ್ದರು.

ಪರೀಕ್ಷೆ ಬಹಳ ಹಳೆಯದು, ಬಹಳ ಸರಳ. ಒಂದು ಕೊಳವೆಗೆ ಹಾಲು ಹಾಕಿ, ಅದಕ್ಕೆ ಅಳತೆಯಷ್ಟು ನೀಲಿ ಬಣ್ಣದ ದ್ರಾವಣ ಸೇರಿಸಿ, ಬಿರಡೆ ಒತ್ತಿ, ಮೈಶಾಖದಷ್ಟು ಬಿಸಿ ಇರುವ ನೀರಿನ ತೊಟ್ಟಿಯಲ್ಲಿ ನಿಲ್ಲಿಸುವುದು. ಹಾಲಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದ್ದರೆ ಅವು ಅದರಲ್ಲಿರುವ ಆಮ್ಲಜನಕವನ್ನು ಬೇಗ ಮುಗಿಸುತ್ತವೆ. ಆಗ ನೀಲಿ ಮಾಯವಾಗಿ ಹಾಲು ಮತ್ತೆ ಬಿಳಿಯಾಗುತ್ತದೆ. ಐದು ಗಂಟೆ ಕಳೆದರೂ ನೀಲಿಯಾಗಿಯೇ ಉಳಿದ ಹಾಲು ಬಹಳ ಒಳ್ಳೆಯದು. ಅರ್ಧ ಗಂಟೆಯೊಳಗೆ ಬಿಳಿಯಾದದ್ದು ತೀರಾ ಕೆಟ್ಟದ್ದು. ಹಾಲು ಬಿಳಿಯಾದರೆ ಕೆಟ್ಟಿದೆ ಎನ್ನುವ ಜಾಗ ಬಹುಶಃ ಲೋಕದಲ್ಲಿ ಅದೊಂದೇ.

ಆ ಕೋಣೆಯ ಮಧ್ಯಾಹ್ನಗಳು ನಿಜವಾಗಿಯೂ ಹಾಗೆಯೇ ಇದ್ದವೋ, ನಾನು ಆಮೇಲೆ ಹಾಗೆ ಮಾಡಿಕೊಂಡೆನೋ ತಿಳಿಯದು. ಕೆಳಗೆ ಪಣಂಬೂರಿನ ಬಂದರಿಗೆ ಹೋಗುವ ಲಾರಿಗಳು ಒಂದೇ ಸಮನೆ ಹರಿಯುತ್ತಿದ್ದವು. ಅದು ಸದ್ದೆಂದೇ ಅನ್ನಿಸುತ್ತಿರಲಿಲ್ಲ. ಕಿಟಕಿಯ ಹೊರಗೆ ಒಂದು ದೊಡ್ಡ ಗೋಳಿಮರ, ಅದರ ಹಸಿರು ನೆರಳು ಗೋಡೆಯ ಮೇಲೆ ನೀರಿನ ಹಾಗೆ ಆಡುತ್ತಿತ್ತು. ತೊಟ್ಟಿಯ ಮುಚ್ಚಳ ತೆಗೆದರೆ ತೆಳು ಹಬೆ. ಹಬೆಯೊಳಗೆ ಸಾಲಾಗಿ ನಿಂತ ನೀಲಿ ಕೊಳವೆಗಳು. ಅರ್ಧ ಗಂಟೆಗೊಮ್ಮೆ ಅಕ್ಕ ಬಂದು ಒಂದೊಂದನ್ನೇ ಎತ್ತಿ, ಒಮ್ಮೆ ಮಗುಚಿ, ಮತ್ತೆ ನಿಲ್ಲಿಸುತ್ತಿದ್ದರು. ಮಲಗಿದ ಮಗುವಿನ ಮಗ್ಗುಲು ಬದಲಿಸುವವರ ಕೈ ಅದು. ಕೂಡಲೇ ಮುಚ್ಚಳ ಮುಚ್ಚುತ್ತಿದ್ದರು.

ಮೊದಲ ವಾರ ಒಂದು ಕೊಳವೆ ತೋರಿಸಿ ನಾನು, "ಇದು ಬಿಳಿ ಆಯಿತು ಅಕ್ಕ" ಎಂದೆ.

"ಆಗುವುದನ್ನು ನೀನು ನೋಡಿದ್ದಾ, ಅಲ್ಲ ನೋಡುವಾಗ ಆಗಿತ್ತಾ?"

"ಎರಡಕ್ಕೂ ಎಂತ ವ್ಯತ್ಯಾಸ ಅಕ್ಕ?"

"ಅರ್ಧ ಗಂಟೆ ವ್ಯತ್ಯಾಸ" ಎಂದರು. "ಒಬ್ಬನ ಮರ್ಯಾದೆ ಹರಾಜಿಗೆ ಬೀಳ್ಲಿಕ್ಕೆ ಅಷ್ಟು ಸಾಕು."

ಅವರ ಉದ್ದನೆಯ ನೋಟ್‌ಬುಕ್ಕಿನಲ್ಲಿ ಇದಕ್ಕೆಂದೇ ಎರಡು ಕಾಲಂ ಇದ್ದವು. ಬಣ್ಣ ಹೋಗುವುದನ್ನು ಕಣ್ಣಾರೆ ಕಂಡಿದ್ದರೆ 'ನೋಡಿದೆ'. ಇಲ್ಲದಿದ್ದರೆ 'ನೋಡುವಾಗ ಆಗಿತ್ತು'. ನಾನು ಓದಿದ ಯಾವ ಪುಸ್ತಕದಲ್ಲೂ ಆ ಎರಡು ಕಾಲಂ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಎಲ್ಲವನ್ನೂ ಸಂಶಯಿಸಲು ಕಲಿತು ಬಂದವನಿಗೆ ಅದು ಸ್ವಲ್ಪ ಅವಮಾನವೆನಿಸಿತು. ಅದನ್ನು ತೋರಿಸಿಕೊಳ್ಳದೆ, "ಹಾಲು ಸುಳ್ಳು ಹೇಳುವುದಿಲ್ಲ ಬಿಡಿ" ಎಂದು ಏನೋ ದೊಡ್ಡ ಮಾತಾಡಿದೆ.

"ಹಾಲು ಎಂತದೂ ಹೇಳುವುದಿಲ್ಲ ಮಾರಾಯ. ಹೇಳುವುದೆಲ್ಲ ನಾವು."

ಸ್ಯಾಂಪಲ್ ಯಾರದೆಂದು ಅವರು ತಿಳಿದುಕೊಳ್ಳುತ್ತಿರಲಿಲ್ಲ. ಐಸ್ ಪೆಟ್ಟಿಗೆ ತರುವವನು ನಂಬರು ಮಾತ್ರ ಹೇಳಬೇಕು. ಒಂದು ದಿನ ಅವನು ಬಾಯಿತಪ್ಪಿ ಯಾವುದೋ ಹೋಟೆಲಿನ ಹೆಸರೆತ್ತಿದಾಗ ಅಕ್ಕ ಎರಡೂ ಕಿವಿಗೆ ಬೆರಳಿಟ್ಟು, ಅವನು ಬಾಯಿ ಮುಚ್ಚುವ ತನಕ ಒಂದು ತುಳು ಪದ್ಯ ಗಟ್ಟಿಯಾಗಿ ಹಾಡಿದರು. ಸ್ವರ ಚೆನ್ನಾಗಿರಲಿಲ್ಲ. ಹೆದರಿ ಅವನು ಮತ್ತೆಂದೂ ಹೆಸರು ಹೇಳಲಿಲ್ಲ.

ಸೋಮವಾರ ತಮ್ಮ ಮನೆಯ ಹಾಲನ್ನೂ ಒಂದು ಸೀಸೆಯಲ್ಲಿ ತಂದು, ಅವನ ಕೈಯಿಂದಲೇ ನಂಬರು ಹಾಕಿಸಿ ಬೇರೆಯವರ ಸಾಲಿನಲ್ಲಿ ಸೇರಿಸುತ್ತಿದ್ದರು. ಒಂದು ಸೋಮವಾರ ಆ ಕೊಳವೆ ಎರಡು ಗಂಟೆಯೊಳಗೇ ಬಿಳಿಯಾಯಿತು. ಸಂಜೆ ನಂಬರು ತೆರೆದು ನೋಡಿದಾಗ ನಾನು ನಕ್ಕೆ. "ನಿಮ್ಮ ಹಾಲಿನವನು ಕೈಕೊಟ್ಟ ಅಕ್ಕ."

"ಹಾಲಿನವನನ್ನು ಯಾಕೆ ಎಳೀತಿ? ಸಂಶಯಕ್ಕೂ ಒಂದು ಸಾಲು ಉಂಟು. ಮೊದಲು ನಮ್ಮ ಕೈ, ಆಮೇಲೆ ನಮ್ಮ ಪಾತ್ರೆ. ಹಸು ಎಲ್ಲ ಕೊನೆಗೆ."

ಮರುದಿನ ಬಂದು, ಸೀಸೆಯ ಬಿರಡೆಯ ಒಳಗೆ ಹಳೆಯ ಹಾಲಿನ ಕೆನೆ ಅಂಟಿಕೊಂಡಿತ್ತೆಂದೂ ತಾನೇ ಸರಿಯಾಗಿ ತೊಳೆದಿರಲಿಲ್ಲವೆಂದೂ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಬಹುಮಾನ ಬಂದವರ ಹಾಗಿತ್ತು ಅವರ ಮುಖ. ಹೌದು, ಇಲ್ಲಿ ಒಂದು ಕ್ಷಣ ಅವರ ಮುಖ ಕಾಣುತ್ತದೆ. ಆಮೇಲೆ ಹಬೆ.

ನನ್ನ ಸಂಶಯ ಬೇರೆ ಜಾತಿಯದು. ಅದು ಯಾವಾಗಲೂ ಹಸುವಿನಿಂದ ಶುರುವಾಗುತ್ತಿತ್ತು. ಹಸು, ಹಸು ಸಾಕಿದವನು, ಪುಸ್ತಕ ಬರೆದವನು, ಈ ಊರು, ಈ ಕೆಲಸ. ನನ್ನ ಕೈಯ ತನಕ ಅದು ಬರುತ್ತಲೇ ಇರಲಿಲ್ಲ. ಆ ದಿನಗಳಲ್ಲಿ ನಾನು ಎಲ್ಲಿಯೂ ಪೂರ್ತಿ ಇರುತ್ತಿರಲಿಲ್ಲ. ಮೇಜಿನ ಡ್ರಾಯರಿನಲ್ಲಿ ಸದಾ ಬೇರೆ ಕೆಲಸಗಳ ಅರ್ಜಿ, ಸಂಶೋಧನೆಗೆ ಸೇರುವ ಅರ್ಜಿ, ತುಂಬಿದ್ದು, ಅರ್ಧ ತುಂಬಿದ್ದು. ಅಕ್ಕನಿಗೆ ಅದು ಗೊತ್ತಿತ್ತು. "ಎಮ್ಮೆಸ್ಸಿಯವರು ಇವತ್ತು ಯಾವ ಊರಲ್ಲಿದ್ದಾರೆ?" ಎಂದು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಕೊಳವೆಗಳನ್ನು ಮಗುಚುತ್ತಾ, ಯಾರೂ ಕೇಳದೆಯೇ ಹೇಳಿದರು: "ನಂಗೆ ಒಂದು ಕನಸು ಬೀಳ್ತದೆ. ಪಣಂಬೂರಿನ ಬೀಚಲ್ಲಿ ನಿಂತಿದ್ದೇನೆ. ಸಮುದ್ರ ನೀಲಿ ಉಂಟು. ನೋಡ್ತಾ ಇದ್ದ ಹಾಗೆ ದೂರದಿಂದ ಬಿಳಿ ಆಗ್ಲಿಕ್ಕೆ ಶುರು. ಹಡಗು ನಿಂತಲ್ಲಿಂದ ದಡದ ತನಕ, ಇಡೀ ಬಿಳಿ."

"ಹೆದರಿಕೆ ಆಗುವುದಿಲ್ವಾ?"

"ಹೆದರಿಕೆ ಎಂತದ್ದು? ಎಷ್ಟು ಗಂಟೆಗೆ ಆಯ್ತು ಅಂತ ಬರಿಯುವ ಅಂದ್ರೆ ಪೆನ್ನು ಇರುವುದಿಲ್ಲ. ಅದೇ ಸಂಕಟ."

ಈ ಕನಸನ್ನು ಅವರು ಹೇಳಿದ್ದು ನಿಜ. ಯಾಕೆಂದರೆ ಇಂಥದ್ದನ್ನು ಕಟ್ಟುವ ಶಕ್ತಿ ನನ್ನಲ್ಲಿಲ್ಲ.

ಇನ್ನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಪಡೀಲಿನಲ್ಲಿ ಬ್ಯಾರಿ ಸಮುದಾಯದ ಒಬ್ಬರು ಹಾಲು ಮಾರುತ್ತಿದ್ದರು. ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು. ಸುತ್ತಲಿನ ಮನೆಗಳಿಂದ ಹಾಲು ಎತ್ತಿ, ಅಂಗಡಿಯಲ್ಲೂ ಮಾರಿ, ಒಂದು ಹಾಸ್ಟೆಲಿನ ಅಡುಗೆಮನೆಗೂ ಕೊಡುತ್ತಿದ್ದರು. ಅಂಗಡಿಯ ಹಿಂದೆಯೇ ಮನೆ. ಕ್ಯಾನುಗಳನ್ನು ತೊಳೆಯುವುದು ಅವರ ಹೆಂಡತಿ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ದಿನ ಅದು ಬರೀ ಹನ್ನೊಂದನೇ ನಂಬರು.

ಹಾಸ್ಟೆಲಿನವರು ಕಳಿಸಿದ ಆ ಸ್ಯಾಂಪಲ್ ಬಂದದ್ದು ತಡವಾಗಿ. ತೊಟ್ಟಿಯ ಉಳಿದ ಜಾಗ ತುಂಬಿತ್ತು. ಕೊನೆಗೆ, ಕಿಟಕಿಯ ಬದಿಯ ಮೂಲೆಯಲ್ಲಿ ಅದನ್ನು ಮೂರು ಗಂಟೆಗೆ ಇಟ್ಟೆವು. ಅಕ್ಕ ಒಳಕೋಣೆಗೆ ಹೋದರು. ಅಲ್ಲಿ ಅದೇ ಹಾಲನ್ನು ಅಗರ್ ತಟ್ಟೆಗಳಿಗೆ ಹಾಕುವ ಕೆಲಸವಿತ್ತು. ಬ್ಯಾಕ್ಟೀರಿಯಾ ಬೆಳೆದು ಚುಕ್ಕಿಗಳಾಗಿ, ಅವನ್ನು ಎಣಿಸುವಾಗ ಎರಡು ದಿನ ಆಗುತ್ತದೆ. ಹಾಸ್ಟೆಲಿನವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ನೀಲಿ ಪರೀಕ್ಷೆಯ ವರದಿ ಅದೇ ದಿನ ಬೇಕೆಂದು ಹೇಳಿದ್ದರು.

ಮೂರೂವರೆಗೆ ನಾನು ನೋಡಿದಾಗ ಹನ್ನೊಂದನೇ ನಂಬರು ಬಿಳಿಯಾಗಿತ್ತು. ಪ್ರತಿ ಸ್ಯಾಂಪಲಿಗೂ ಇಡುವ ಜೋಡಿ ಕೊಳವೆ ಎರಡೂ. ಅಕ್ಕನನ್ನು ಕರೆದೆ. ಅವರು ಕೊಳವೆ ಎತ್ತಿ ನೋಡಿ, ಹುಬ್ಬು ಗಂಟಿಕ್ಕಿ, 'ನೋಡುವಾಗ ಆಗಿತ್ತು' ಕಾಲಂನಲ್ಲಿ ಬರೆದು ಸಹಿ ಹಾಕಿದರು. ವರದಿ ಹೋಯಿತು. ಮರುದಿನ ಬೆಳಿಗ್ಗೆಯಿಂದ ಹಾಸ್ಟೆಲಿನವರು ಕಾಕನ ಹಾಲು ನಿಲ್ಲಿಸಿದರು.

ಮೂರನೇ ದಿನ ಕಾಕ ಲ್ಯಾಬಿನ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ದೊಡ್ಡ ಸ್ಟೀಲ್ ಕ್ಯಾನು. ಅದನ್ನು ಕೌಂಟರಿನ ಮೇಲಿಟ್ಟು ಮುಚ್ಚಳ ತೆಗೆದರು.

"ಮೇಡಂ, ಇದರಲ್ಲಿ ನಿಮ್ಮ ಮುಖ ಕಾಣ್ತದಾ ಇಲ್ವಾ ನೋಡಿ."

ಅಕ್ಕ ಬಗ್ಗಿ ನೋಡಿದರು. "ಕಾಣ್ತದೆ."

"ನನ್ನ ಹೆಂಡತಿ ಉಜ್ಜಿದ್ದು. ಎರಡು ದಿನದಿಂದ ಅವಳಿಗೆ ಊಟ ಇಲ್ಲ. ಕಾಗದ ಬಂದ ದಿನ ನಾನು ಗಿರಾಕಿಗಳ ಎದುರೇ ಬೈದೆ. ಕ್ಯಾನು ಸರಿ ತೊಳೀಲಿಕ್ಕೆ ಬರದವಳು, ನನ್ನ ಮರ್ಯಾದೆ ತೆಗೆದೆ ಅಂತ. ಅವಳು ಎಂತದೂ ಮಾತಾಡ್ಲಿಲ್ಲ. ಕ್ಯಾನು ಉಜ್ಜುತ್ತಾ ಕೂತಿದ್ದಾಳೆ. ತೊಳೆದದ್ದನ್ನೇ ತೊಳೀತಾಳೆ. ಬೆರಳಿನ ಸಂದಿ ಎಲ್ಲ ಒಡೆದು ಹೋಗಿದೆ ಮೇಡಂ. ನಿಮ್ಮ ಕಾಗದ ಸರಿ ಉಂಟಾ ಅಂತ ಕೇಳ್ಲಿಕ್ಕೆ ಬಂದೆ, ಅಷ್ಟೇ."

ಅಕ್ಕ ನೇರವಾಗಿ ಒಳಕೋಣೆಗೆ ಹೋದರು. ಹನ್ನೊಂದನೇ ನಂಬರಿನ ತಟ್ಟೆಗಳನ್ನು ಆ ಬೆಳಿಗ್ಗೆಯಷ್ಟೇ ಎಣಿಸಲು ತೆಗೆದಿಟ್ಟಿದ್ದರು. ನಾನೂ ಹಿಂದೆ ಹೋದೆ. ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ. ಒಳ್ಳೆಯ ಹಾಲಿನ ತಟ್ಟೆಗಳು. ಅರ್ಧ ಗಂಟೆಯಲ್ಲಿ ಬಿಳಿಯಾಗುವ ಹಾಲಿನ ತಟ್ಟೆ ಮರಳು ಚೆಲ್ಲಿದ ಹಾಗಿರುತ್ತದೆ.

ಹೊರಗೆ ಬಂದು ಕಾಕನಿಗೆ, "ಎರಡು ದಿನ ಕೊಡಿ. ನಾನೇ ಬಂದು ಹೇಳ್ತೇನೆ" ಎಂದರು. ಕಾಕ ಕ್ಯಾನು ಹೊತ್ತುಕೊಂಡು ಇಳಿದರು. ಖಾಲಿ ಕ್ಯಾನು, ಆದರೂ ಎರಡೂ ಕೈಯಲ್ಲಿ ಹಿಡಿದಿದ್ದರು.

ಅಕ್ಕ ನೀರಿನ ತೊಟ್ಟಿಯ ಮುಂದೆ ಸುಮಾರು ಹೊತ್ತು ನಿಂತರು. ಆಮೇಲೆ ಕಿಟಕಿಯ ಕಡೆ ತಿರುಗಿ, "ಇಲ್ಲಿ ಇಷ್ಟು ಬೆಳಕು ಯಾವಾಗಿನಿಂದ?" ಎಂದು ಕೇಳಿದರು.

ಆಗಷ್ಟೇ ನಾನೂ ಗಮನಿಸಿದ್ದು. ಗೋಳಿಮರ ಇರಲಿಲ್ಲ. ರಸ್ತೆ ಅಗಲ ಮಾಡಲು ಆ ವಾರದ ಮೊದಲಲ್ಲೇ ಕಡಿದಿದ್ದರು. ಗರಗಸದ ಸದ್ದು ನಾವೆಲ್ಲ ಕೇಳಿದ್ದೆವು. ಮಧ್ಯಾಹ್ನದ ಬಿಸಿಲು ಈಗ ತಡೆಯಿಲ್ಲದೆ ಒಳಗೆ ಬರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ನೀಲಿ ಹಾಕಿದ ಹಾಲಿಗೆ ಬಿಸಿಲು ಬೀಳಬಾರದು. ಬಿದ್ದರೆ ಬ್ಯಾಕ್ಟೀರಿಯಾ ಇರಲಿ ಬಿಡಲಿ, ಬಣ್ಣ ಹೋಗುತ್ತದೆ. ಅದಕ್ಕೇ ಮುಚ್ಚಳ. ಮರ ಇದ್ದಷ್ಟು ದಿನ ನಾವು ಮರೆತರೂ ಅದು ನಮ್ಮ ಪಾಲಿನ ಮುಚ್ಚಳವಾಗಿ ನಿಂತಿತ್ತು.

"ಆ ದಿನ ಮುಚ್ಚಳ ಮುಚ್ಚಿತ್ತಾ?" ಅಕ್ಕ ನನ್ನನ್ನು ಕೇಳಿದರು.

ನಾನು ಹೇಳಿದ ಉತ್ತರ ನನಗೆ ಅಕ್ಷರ ಅಕ್ಷರ ನೆನಪಿದೆ. "ನಾನು ನೋಡುವಾಗ ತೆರೆದಿತ್ತು ಅಕ್ಕ. ಆಮೇಲೆ ನಾನೇ ಮುಚ್ಚಿದೆ."

ಅವರು ತಲೆಯಾಡಿಸಿದರು. "ಹಾಗಾದ್ರೆ ಹನ್ನೊಂದನ್ನು ಇಟ್ಟು ಒಳಗೆ ಹೋಗುವಾಗ ನಾನೇ ಮರೆತಿರಬೇಕು."

ಮರುದಿನ ಅವರು ಒಂದು ಕೆಲಸ ಮಾಡಿದರು. ಹಾಲನ್ನು ಚೆನ್ನಾಗಿ ಕುದಿಸಿ, ತಣಿಸಿ, ನೀಲಿ ಬೆರೆಸಿ ಎರಡು ಕೊಳವೆಗೆ ಹಾಕಿದರು. ಒಂದನ್ನು ತೊಟ್ಟಿಯ ಕತ್ತಲು ಬದಿಯಲ್ಲಿ, ಇನ್ನೊಂದನ್ನು ಕಿಟಕಿಯ ಮೂಲೆಯಲ್ಲಿ ನಿಲ್ಲಿಸಿದರು. ಮುಚ್ಚಳವನ್ನು ಅರ್ಧ ಸರಿಸಿದರು. ಮೂರು ಗಂಟೆಗೆ ಎರಡು ಸ್ಟೂಲು ಎಳೆದು, "ಕೂತುಕೋ. ಇವತ್ತು ಏಳ್ಲಿಕ್ಕಿಲ್ಲ" ಎಂದರು.

ನಾವು ಕೂತೆವು. ಬಿಸಿಲು ನೆಲದ ಮೇಲೆ ಒಂದು ಚೌಕ ಹಾಸಿತ್ತು. ಅದು ಸರಿಯುವುದು ಕಾಣುತ್ತಿರಲಿಲ್ಲ, ಸರಿದದ್ದು ಮಾತ್ರ ಕಾಣುತ್ತಿತ್ತು. ಮೇಜಿನ ಕಾಲು ಹತ್ತಿತು, ತೊಟ್ಟಿಯ ಅಂಚಿಗೆ ಬಂತು, ಹಬೆಯೊಳಗೆ ಇಳಿಯಿತು. ಕೊಳವೆ ಒಳಗಿನಿಂದ ಉರಿಯುವ ಹಾಗೆ ಹೊಳೆಯಿತು. ಆ ಹಾಲಿನಲ್ಲಿ ಜೀವವೆಂಬುದು ಉಳಿದಿರಲಿಲ್ಲ. ಆದರೂ ನೀಲಿ ತೆಳುವಾಗತೊಡಗಿತು. ಮೊದಲು ತಳದಲ್ಲಿ, ಆಮೇಲೆ ನಡುವಿನಲ್ಲಿ. ಯಾರೋ ಕನಸಿನಲ್ಲಿ ನೆನಪನ್ನು ಕಳೆದುಕೊಳ್ಳುವ ಹಾಗೆ. ಕೆಳಗೆ ಲಾರಿಗಳು ಹೋಗುತ್ತಲೇ ಇದ್ದವು. ಕೊನೆಗೆ ಮೇಲಿನ ಅಂಚಿನಲ್ಲಿ ಒಂದು ನೀಲಿ ಗೆರೆ ಮಾತ್ರ ಉಳಿಯಿತು. ಕತ್ತಲು ಬದಿಯ ಕೊಳವೆ ಇಟ್ಟ ಹಾಗೆಯೇ ಇತ್ತು.

ಅಕ್ಕ ಎದ್ದು ಗಡಿಯಾರ ನೋಡಿ, 'ನೋಡಿದೆ' ಎಂದು ಬರೆದರು. ಪಕ್ಕದಲ್ಲಿ ನನಗೂ ಸಹಿ ಹಾಕಲು ಹೇಳಿದರು.

ಮಾಲಕರಿಗೆ ಇದು ಹಿಡಿಸಲಿಲ್ಲ. "ಅಕ್ಕ, ಹೋದ ವರದಿ ಹೋಯಿತು. ಅವರು ಹೊಸ ಸ್ಯಾಂಪಲ್ ತರಲಿ, ಹೊಸ ವರದಿ ಕೊಡುವ. ನಮ್ಮದು ತಪ್ಪಾಯಿತು ಅಂತ ನಾವೇ ಬರೆದು ಕೊಟ್ಟರೆ ನಾಳೆ ಯಾರು ಬರ್ತಾರೆ?"

"ಹೊಸ ವರದಿಯಲ್ಲಿ ಹಾಲು ಒಳ್ಳೆದುಂಟು ಅಂತ ಬರ್ತದೆ. ಸರಿ" ಎಂದರು ಅಕ್ಕ. "ಆಗ ಜನ ಎಂತ ಹೇಳ್ತಾರೆ? ಈಗ ಕ್ಯಾನು ಸರಿ ತೊಳೀಲಿಕ್ಕೆ ಕಲಿತಳು ಅಂತ. ಆ ಹೆಂಗಸು ಮೊದಲೂ ತೊಳೆದಿದ್ದಳು."

ಮಾಲಕರು ಮತ್ತೂ ಏನೋ ಹೇಳಿದರು. ಅಕ್ಕ ಕಿವಿಗೆ ಬೆರಳಿಡಲಿಲ್ಲ, ಪದ್ಯವನ್ನೂ ಹಾಡಲಿಲ್ಲ. ಹೇಳುವುದು ಮುಗಿಯುವ ತನಕ ಕೇಳಿ, "ವರದಿಗೆ ಸಹಿ ಹಾಕಿದ್ದು ನಾನು. ತಪ್ಪು ಅಂತ ಬರೆದ ಕಾಗದಕ್ಕೂ ನಾನೇ ಹಾಕ್ತೇನೆ. ನಿಮ್ಮ ಹೆಸರು ಬರುವುದಿಲ್ಲ" ಎಂದರು. ಆ ಕಾಗದದ ಒಂದು ಪ್ರತಿ ಹಾಸ್ಟೆಲಿಗೆ ಹೋಯಿತು. ಇನ್ನೊಂದನ್ನು ಚೀಲದಲ್ಲಿಟ್ಟುಕೊಂಡು, "ಪಡೀಲಿಗೆ ಹೋಗ್ಲಿಕ್ಕುಂಟು. ಬರ್ತೀಯಾ?" ಎಂದು ನನ್ನನ್ನು ಕೇಳಿದರು.

ಸಂದರ್ಶನದ ತಯಾರಿ ಇದೆ ಎಂದೆ. ಇತ್ತೋ ಇಲ್ಲವೋ ಈಗ ಹೇಳಲಾರೆ.

"ಆಯ್ತು ಎಮ್ಮೆಸ್ಸಿಯವರೇ" ಎಂದು ಅವರು ಇಳಿದು ಹೋದರು. ಮರುದಿನ ಏನಾಯಿತೆಂದು ನಾನು ಕೇಳಲಿಲ್ಲ. ಅವರಾಗಿ ಹೇಳಿದ್ದು ಒಂದೇ: "ಬರುವಾಗ ಬಸ್ಸಲ್ಲಿ ಸೀಟೇ ಸಿಗಲಿಲ್ಲ ಮಾರಾಯ." ಹಾಸ್ಟೆಲಿನವರು ಮತ್ತೆ ಕಾಕನ ಹಾಲು ತೆಗೆದುಕೊಂಡರೆಂದು ಐಸ್ ಪೆಟ್ಟಿಗೆಯವನಿಂದ ತಿಳಿಯಿತು. ಮುಂದಿನ ತಿಂಗಳು ನಾನು ಕೆಲಸ ಬಿಟ್ಟೆ. ಆಮೇಲೆ ಇನ್ನೂ ಮೂರು ಕೆಲಸ ಬಿಟ್ಟೆ. ಅಕ್ಕನನ್ನು ಮತ್ತೆ ನೋಡಿದ್ದು ಒಂದೋ ಎರಡೋ ಸಲ, ದೂರದಿಂದ, ಸಿಟಿ ಬಸ್ಸಿನ ಕಿಟಕಿಯಲ್ಲಿ.

ಇಷ್ಟು ವರ್ಷ ನನ್ನ ನೆನಪಿನಲ್ಲಿ ಆ ದಿನ ಹೀಗಿತ್ತು: ಚಹಾ ತರಲು ಹೋಗಿದ್ದೆ, ಬಂದು ನೋಡುವಾಗ ಮುಚ್ಚಳ ತೆರೆದಿತ್ತು, ಅಕ್ಕ ಮರೆತಿದ್ದರು. ಲೋಟದ ವಿಷಯ ಸುಳ್ಳಾದ ದಿನದಿಂದ ಈ ಚಿತ್ರ ಅಲುಗಾಡತೊಡಗಿತು. ಅದರ ಅಡಿಯಲ್ಲಿ ಇನ್ನೊಂದು ಚಿತ್ರವಿದೆ. ನನ್ನ ಮುಂದೆ ಸಂಶೋಧನೆಗೆ ಸೇರುವ ಒಂದು ಅರ್ಜಿ. ತುಂಬುತ್ತಿದ್ದೇನೆ. ಪ್ರತಿ ಸಲ ಎದ್ದು ಮುಚ್ಚಳ ತೆಗೆದು ನೋಡುವುದು ಬೇಸರವಾಗಿ, ಕೂತಲ್ಲಿಂದಲೇ ಕಾಣಲಿ ಎಂದು ಮುಚ್ಚಳವನ್ನು ತೆಗೆದು ಪಕ್ಕಕ್ಕಿಡುತ್ತೇನೆ. ಅದು ಬಿಸಿ ಇದೆ. ಅದರ ಒಳಬದಿಯಿಂದ ಒಂದು ಹನಿ ಅರ್ಜಿಯ ಮೇಲೆ, ನನ್ನ ಹೆಸರು ಬರೆದ ಜಾಗದಲ್ಲಿ ಬಿದ್ದು ಶಾಯಿ ಹರಡುತ್ತದೆ. ನಾನು ಬಯ್ದುಕೊಳ್ಳುತ್ತಾ ಅದನ್ನು ಕರವಸ್ತ್ರದಲ್ಲಿ ಒತ್ತುತ್ತೇನೆ.

ಹನಿ ಬಿದ್ದದ್ದು ಅದೇ ದಿನವೋ ಬೇರೆ ದಿನವೋ? ಗೊತ್ತಿಲ್ಲ. ತಪ್ಪೊಪ್ಪಿಕೊಳ್ಳುವ ಆಸೆಗೂ ಮನಸ್ಸು ಚಿತ್ರ ಕಟ್ಟಿಕೊಡಬಲ್ಲದು ಎಂದು ಓದಿದವನು ನಾನು. ಆದರೆ ಒಂದು ಮಾತಿಗೆ ಸಂಶಯವಿಲ್ಲ. 'ನಾನು ನೋಡುವಾಗ ತೆರೆದಿತ್ತು' ಎಂದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಚಹಾ ತಂದವನಿಗೆ ಹಾಗೆ ಹೊಡೆದುಕೊಳ್ಳುವುದಿಲ್ಲ. ಅಕ್ಕ ಸುಳ್ಳು ಬಾರದಿರಲೆಂದು ಕಾಯ್ದುಕೊಂಡ ಎರಡು ಕಾಲಂಗಳಲ್ಲಿ ಒಂದನ್ನು ನಾನು ಅವರ ಮುಂದೆಯೇ ಸುಳ್ಳಿಗೆ ಬಳಸಿದ್ದೆ. ಅದು ಅವರಿಗೆ ತಿಳಿಯದೆ ಇದ್ದೀತೇ?

ಉತ್ತರಕ್ರಿಯೆಯ ದಿನ ಅವರ ಮನೆಗೆ ಹೋಗಿ ಊಟ ಮಾಡಿ ಬಂದೆ. ಗೋಡೆಯ ಫೋಟೋದಲ್ಲಿದ್ದವರು ನನಗೆ ಪರಿಚಯವೇ ಇಲ್ಲದ ಯಾರೋ. ಅಲ್ಲಿಂದ ಹೊರಟವನು ಮನೆಗೆ ಹೋಗುವ ಬಸ್ಸು ಬಿಟ್ಟು ಪಡೀಲಿನ ಬಸ್ಸು ಹತ್ತಿದೆ.

ಕಾಕನ ಅಂಗಡಿ ಈಗ ಸ್ವಲ್ಪ ದೊಡ್ಡದಾಗಿದೆ. ಹಾಲಿನ ಪ್ಯಾಕೆಟ್ಟಿನ ಫ್ರಿಜ್ಜು ಬಂದಿದೆ, ಆದರೆ ಬಿಡಿ ಹಾಲಿನ ಕ್ಯಾನುಗಳೂ ಇವೆ. ಕೌಂಟರಿನಲ್ಲಿ ಕಾಕನ ಹೆಂಡತಿ ಕೂತಿದ್ದರು. ನಾಲ್ಕೈದು ಗಿರಾಕಿಗಳು ನಿಂತಿದ್ದರು. ಕಾಕ ಹಿಂದೆ ಮೂಟೆಗಳ ನಡುವೆ ಏನೋ ಹುಡುಕುತ್ತಿದ್ದರು. ನಾನು ಆ ಲ್ಯಾಬಿನಲ್ಲಿ ಇದ್ದವನೆಂದೂ ಅಕ್ಕ ತೀರಿಕೊಂಡರೆಂದೂ ಹೇಳಿದೆ.

ಅವರ ಕೈಯಲ್ಲಿದ್ದ ಹಾಲಿನ ಅಳತೆಪಾತ್ರೆ ಅಲ್ಲೇ ನಿಂತಿತು. ಆಮೇಲೆ ಗಿರಾಕಿಯ ಪಾತ್ರೆಗೆ ಹಾಲು ಹಾಕಿ ಕಳಿಸಿ, ನನ್ನ ಕಡೆ ತಿರುಗಿದರು.

"ಒಳಗೆ ಬಂದಿದ್ದರು. ಕ್ಯಾನು ತೊಳೆಯುವ ಕಲ್ಲಿನ ಹತ್ತಿರ, ನೆಲದಲ್ಲೇ ಕೂತರು. ಅಲ್ಲಿಯ ನೀರಿಗೆ ಸೀರೆ ಎಲ್ಲ ಚಂಡಿ ಆಯ್ತು. ನನ್ನ ಕೈ ಹಿಡ್ಕೊಂಡು ನೋಡಿದರು. ಈ ಕೈಯಲ್ಲಿ ತಪ್ಪಿಲ್ಲ, ತಪ್ಪು ನಂದು, ಮುಚ್ಚಳ ಹಾಕ್ಲಿಕ್ಕೆ ಮರೆತೆ ಅಂತ ಹೇಳಿದರು. ಇವರಿಗೂ ಹೇಳಿದರು. ಅಷ್ಟು ದೊಡ್ಡ ಹೆಂಗಸು, ನನ್ನ ಹತ್ರ ಬಂದು ಮಾಫಿ ಕೇಳಿದ್ದು. ನಂಗೆ ಇವತ್ತಿಗೂ ಹೇಗೇಗೋ ಆಗ್ತದೆ."

"ಮರೆತಿರಬೇಕು ಅಂತ ಹೇಳಿದ್ರಾ, ಮರೆತೆ ಅಂತ ಹೇಳಿದ್ರಾ?" ಎಂದು ಕೇಳಿದೆ.

"ಮರೆತೆ ಅಂತ. ಯಾಕೆ?"

ಲ್ಯಾಬಿನಲ್ಲಿ ಅರ್ಧ ಗಂಟೆಗೂ ಇಷ್ಟು ಕಟ್ಟುನಿಟ್ಟಾಗಿದ್ದವರು, ತಾನು ಕಾಣದ ಒಂದನ್ನು ಈ ಹೆಂಗಸಿನ ಮುಂದೆ ಕಂಡ ಹಾಗೆ ಹೇಳಿದ್ದರು. ಸಂಶಯ ಉಳಿಸಿ ಹೇಳಿದರೆ ಅದು ಈ ಒಡೆದ ಬೆರಳುಗಳ ಮೇಲೆ ಬೀಳುತ್ತದೆಂದು ಅವರಿಗೆ ತಿಳಿದಿತ್ತು.

"ಅದು ಅವರಲ್ಲ" ಎಂದೆ. "ಆ ಮುಚ್ಚಳ ತೆಗೆದದ್ದು ನಾನಿರಬೇಕು."

ಅವರು ನನ್ನ ಮುಖವನ್ನೇ ನೋಡಿದರು. "ಇರಬೇಕು ಅಂದ್ರೆ ಎಂತ? ನೀವಾ ಅಲ್ವಾ?"

ಅಂಗಡಿಯ ಮುಂದೆ ಬಂಟ್ವಾಳದ ಕಡೆಯ ಬಸ್ಸೊಂದು ಬಂದು ನಿಂತು ಜನ ಇಳಿಸಿ ಹೋಯಿತು. ನನ್ನ ಬಳಿ ಸಾಕ್ಷಿಯಿರಲಿಲ್ಲ. ಒಂದು ಹನಿ ನೀರು, ಅದೂ ನೆನಪಿನಲ್ಲಿ.

"ನಾನೇ" ಎಂದೆ.

ಅವರು ಬಯ್ಯಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ಒಳಗೆ ತಿರುಗಿ ಗಂಡನನ್ನು ಕರೆದರು. "ಇಲ್ಲಿ ಬನ್ನಿ ಒಮ್ಮೆ. ಮೂಟೆ ಆಮೇಲೆ ನೋಡುವ. ಆ ಲ್ಯಾಬಿನವರು ಬಂದಿದ್ದಾರೆ. ಎಂತದೋ ಹೇಳ್ತಾರೆ, ಕೇಳಿ."

ಕಾಕ ಕೈ ಒರೆಸಿಕೊಳ್ಳುತ್ತಾ ಬಂದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಪಾತ್ರೆ ಹಿಡಿದು ನಿಂತಿದ್ದ ಗಿರಾಕಿಗಳೂ ನನ್ನ ಕಡೆ ತಿರುಗಿದರು. ಹೆಂಡತಿ ಅಳತೆಪಾತ್ರೆಯನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತರು.

"ಈಗ ಹೇಳಿ" ಎಂದರು. "ಗಟ್ಟಿ ಹೇಳಿ, ಹಿಂದೆ ನಿಂತವರಿಗೂ ಕೇಳ್ಬೇಕು."

ನಾನು ಗಟ್ಟಿಯಾಗಿ ಹೇಳಿದೆ.